ರಿಪೇರಿಗೆ ಬಂದ ತಕ್ಕಡಿ

ತರಕಾರಿ ಮಾರುವವರಿಂದ ಹಿಡಿದು ಕಬ್ಬಿಣದಂಗಡಿಯ ಮುದುಕನವರೆಗೆ ಬೀದಿಯವರಿಗೆಲ್ಲ ಅವನು ತಕ್ಕಡಿ ಮಾವ. ಎಂಟಡಿ ಅಗಲದ ಅಂಗಡಿಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ತಕ್ಕಡಿ ರಿಪೇರಿ ಮಾಡಿಕೊಂಡು ಬಂದವನು. ಕೈ ಎಷ್ಟು ನಯವೋ ಬಾಯಿ ಅಷ್ಟೇ ಖಾರ. ತೂಕದಲ್ಲಿ ಮೋಸ ಮಾಡುವ ವ್ಯಾಪಾರಿ ಬಂದರೆ ಅವನ ಏಳು ತಲೆಮಾರಿನ ಮಾನ ಹರಾಜು ಹಾಕಿ, ಆಮೇಲೆ ತಕ್ಕಡಿಯನ್ನು ಸರಿಮಾಡಿ ಕೊಡುತ್ತಿದ್ದ.

ಇಂಥವನ ಅಂಗಡಿಗೆ ಒಂದು ದಿನ ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಬಂದ. ಮೇಜಿನ ಮೇಲೆ ಒಂದು ತಕ್ಕಡಿ ಬಿಚ್ಚಿಕೊಂಡು ಬಿದ್ದಿತ್ತು. ಒಂದು ತಟ್ಟೆ ಇಲ್ಲಿ, ಒಂದು ತಟ್ಟೆ ಅಲ್ಲಿ, ಮುಳ್ಳು ಎಣ್ಣೆಯಲ್ಲಿ ನೆನೆಯುತ್ತಿತ್ತು. ಇನ್ಸ್‌ಪೆಕ್ಟರ್ ಅದನ್ನು ತಾನೇ ಜೋಡಿಸಿ, ತೂಗಿ, ಗಂಭೀರವಾಗಿ ಬರೆದುಕೊಂಡ: ದೋಷಪೂರಿತ ತಕ್ಕಡಿ ಪತ್ತೆ. ತಕ್ಕಡಿ ರಿಪೇರಿ ಮಾಡುವವನ ಅಂಗಡಿಯಲ್ಲಿ ಕೆಟ್ಟ ತಕ್ಕಡಿ ಸಿಕ್ಕಿತಂತೆ! ಡಾಕ್ಟರ ಮನೆಯಲ್ಲಿ ರೋಗಿ ಸಿಕ್ಕ ಎಂದು ಡಾಕ್ಟರನ್ನು ಹಿಡಿಯುವ ಬುದ್ಧಿ ಆ ಇಲಾಖೆಗೆ ಮಾತ್ರ ಹೊಳೆಯಬಲ್ಲದು. ಸಂಜೆಯೊಳಗೆ ಅಂಗಡಿಗೆ ಅರಗಿನ ಮುದ್ರೆ ಬಿತ್ತು, ಲೈಸೆನ್ಸು ಅಮಾನತಾಯಿತು.

ಆಗೆಲ್ಲ ವಿಚಾರಣೆಯೂ ಇಲಾಖೆಯದೇ. ಕೆಳಗಿನ ಮಹಡಿಯವರು ಕೇಸು ಹಾಕುವುದು, ಮೇಲಿನ ಮಹಡಿಯ ಸಾಹೇಬರು ತೀರ್ಪು ಕೊಡುವುದು. ಇಬ್ಬರೂ ಬರುವುದು ಒಂದೇ ಜೀಪಿನಲ್ಲಿ, ಊಟದ ಡಬ್ಬಿ ಬಿಚ್ಚುವುದೂ ಒಂದೇ ಮೇಜಿನ ಮೇಲೆ. ಜನ ಕಾಯಬಾರದಲ್ಲ ಎಂಬ ದೊಡ್ಡ ಮನಸ್ಸಿನಿಂದ ಮಧ್ಯಾಹ್ನದ ವಿಚಾರಣೆಯ ತೀರ್ಪನ್ನು ಅವರು ಬೆಳಿಗ್ಗೆಯೇ ಟೈಪು ಮಾಡಿಸಿಡುತ್ತಿದ್ದರು. ಮಾವ ಒಳಗೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡ.

"ಸ್ವಾಮಿ, ನಾನು ಹೇಳೋದು ಏನಂದ್ರೆ..."

"ಇಲ್ಲಿ ಸೈನ್ ಮಾಡಿ," ಎಂದರು ಸಾಹೇಬರು.

ಹೊರಗೆ ಬಂದು ಓದಿದರೆ, 'ಆರೋಪಿಯ ವಿವರಣೆಯನ್ನು ಕೂಲಂಕಷವಾಗಿ ಆಲಿಸಲಾಗಿ, ಅದು ಸಮಾಧಾನಕರವಾಗಿಲ್ಲ' ಎಂದಿತ್ತು. ಬಾಯಿ ತೆಗೆಯುವ ಮೊದಲೇ ಕೂಲಂಕಷವಾಗಿ ಆಲಿಸಿದ ಆ ಕಿವಿಗಳಿಗೆ ಏನೆನ್ನಬೇಕು? ಮೇಲ್ಮನವಿ ಹಾಕಿದ. ಅದು ಅದೇ ಮಹಡಿಯ ಪಕ್ಕದ ಕೋಣೆಗೆ ಹೋಗಿ, ಒಂದು ವರ್ಷ ಮಲಗಿ, ಅದೇ ಮಾತು ಹೊತ್ತು ವಾಪಸಾಯಿತು.

ತಕ್ಕಡಿ ಮುಟ್ಟುವಂತಿಲ್ಲದ ಮಾವ ಮನೆಯಲ್ಲಿ ಮನುಷ್ಯನಾಗಿ ಉಳಿಯಲಿಲ್ಲ. ಗೋಡೆ ಗಡಿಯಾರ ಬಿಚ್ಚಿದ. ಬಾಗಿಲ ಚಿಲಕ ಬಿಚ್ಚಿದ. ಹೊಲಿಗೆ ಯಂತ್ರಕ್ಕೆ ಕೈ ಹಾಕಿದಾಗ ಹೆಂಡತಿ ಅಡ್ಡ ನಿಂತಳು.

"ಸರಿಯಾಗಿರೋದನ್ನೆಲ್ಲ ಬಿಚ್ಚಿ ಹಾಕಿದ್ರೆ ಆ ಇಲಾಖೆಯವರಿಗೂ ನಿಮಗೂ ಏನ್ರೀ ವ್ಯತ್ಯಾಸ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಹಿತ್ತಲಿಗೆ ಹೋಗಿ ಕೂತ. ಕಸುಬು ಹೋದರೆ ತಾನು ಸತ್ತಹಾಗೆಯೇ ಎಂದು ಅವನಿಗೆ ಅನ್ನಿಸತೊಡಗಿತ್ತು. ಹೆಂಡತಿಗೂ ಅದು ಗೊತ್ತಿತ್ತು, ಅದಕ್ಕೇ ಅವಳು ಜಗಳ ಆಡುತ್ತಿದ್ದಳು.

ಅಷ್ಟರಲ್ಲಿ ಹೊಸ ಕಾಯಿದೆ ಬಂತು. ಇಲಾಖೆಗಳು ತಾವೇ ಕೇಸು ಹಾಕಿ ತಾವೇ ತೀರ್ಪು ಕೊಡುವ ಹಾಗಿಲ್ಲ, ಇನ್ನು ಅವರೂ ಎಲ್ಲರ ಹಾಗೆ ಕೋರ್ಟಿಗೆ ಬಂದು ರುಜುವಾತು ಮಾಡಬೇಕು. ಹಳೆಯ ಕೇಸುಗಳೂ ಅಲ್ಲಿಗೇ. ಇಲಾಖೆಯಲ್ಲಿ ಸೂತಕದ ಕಳೆ. ಸಾಹೇಬರು ಪತ್ರಿಕೆಯವರ ಮುಂದೆ "ಕೋರ್ಟಿನವರಿಗೆ ತಕ್ಕಡಿಯ ಸೂಕ್ಷ್ಮ ಏನು ಗೊತ್ತು?" ಎಂದು ಮರುಗಿದರು. ಮಾವನಿಗೂ ಕೋರ್ಟಿನ ಮೇಲೆ ನಂಬಿಕೆಯೇನೂ ಇರಲಿಲ್ಲ. "ಅಲ್ಲಿ ಕುರ್ಚಿ ಇನ್ನೂ ಎತ್ತರ ಇರುತ್ತೆ, ಅಷ್ಟೇ," ಎಂದ. ಆದರೂ ಇವರೆಲ್ಲರಿಗೂ ಬಯ್ಯಬೇಕಾದದ್ದನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಕೊಂಡ.

ಕೋರ್ಟಿನಲ್ಲಿ ನ್ಯಾಯಾಧೀಶೆ ಕನ್ನಡಕ ಒರೆಸಿಕೊಂಡು ಮೊದಲು ಇನ್ಸ್‌ಪೆಕ್ಟರನನ್ನು ಕೇಳಿದರು.

"ತಕ್ಕಡಿ ಎಲ್ಲಿತ್ತು?"

"ಇವರ ಮೇಜಿನ ಮೇಲೆ, ಮೇಡಂ."

"ಯಾವ ಸ್ಥಿತಿಯಲ್ಲಿ?"

"ಬಿಚ್ಚಿತ್ತು. ನಾನೇ ಜೋಡಿಸಿ ತೂಗಿದೆ."

"ಇವರ ಕಸುಬೇನು?"

ಹದಿನೆಂಟು ವರ್ಷ ಪ್ರಶ್ನೆ ಹಾಕಿಯೇ ಅಭ್ಯಾಸವಾದವನು, ಉತ್ತರ ಕೊಟ್ಟು ಗೊತ್ತಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಸಾಹೇಬರ ಕಡೆ ತಿರುಗಿದ.

"ಅವರನ್ನ ಯಾಕೆ ನೋಡ್ತೀರಿ? ನನಗೆ ಹೇಳಿ."

"ತಕ್ಕಡಿ ರಿಪೇರಿ, ಮೇಡಂ."

ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶೆ ನಗಲಿಲ್ಲ. ಫೈಲನ್ನು ಹಿಂದೆ ಮುಂದೆ ತಿರುವಿದರು.

"ಇವರ ವಿವರಣೆ ಕೇಳಿದೀವಿ ಅಂತ ಎರಡು ಕಡೆ ಬರೆದಿದೀರಿ. ಇವರು ಹೇಳಿದ್ದು ಎಲ್ಲಿದೆ?"

ಎಲ್ಲೂ ಇರಲಿಲ್ಲ. ಅವರು ಮಾವನ ಕಡೆ ತಿರುಗಿದರು.

"ನೀವು ಹೇಳಿ. ಏನು ನಡೀತು?"

ಮಾವ ಎದ್ದು ನಿಂತ. ಬಾಯಿಪಾಠ ಮಾಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ, ಒಂದೂ ಬರಲಿಲ್ಲ. ಬೀದಿಯನ್ನೇ ನಡುಗಿಸುತ್ತಿದ್ದ ಆ ಬಾಯಿ ಎರಡು ಸಲ ತೆರೆದು ಎರಡು ಸಲ ಮುಚ್ಚಿತು. "ನಿಧಾನ," ಎಂದರು ನ್ಯಾಯಾಧೀಶೆ. ಅವರು ಕಾಯುತ್ತಿದ್ದರು. ನಿಜವಾಗಿಯೂ ಕಾಯುತ್ತಿದ್ದರು.

"ಅದು ರಿಪೇರಿಗೆ ಬಂದಿತ್ತು ತಾಯಿ," ಎಂದ. "ಅಷ್ಟೇ."

ಪಕ್ಕದಲ್ಲಿದ್ದ ಗುಮಾಸ್ತೆ ಅದನ್ನು ಟೈಪು ಮಾಡಿ, ಸರಿಯಾಗಿದೆಯೇ ಎಂದು ಅವನಿಗೇ ಓದಿ ಹೇಳಿದಳು.

ಕೇಸು ಆ ದಿನವೇ ವಜಾ ಆಯಿತು. ವಾರದೊಳಗೆ ಮುದ್ರೆ ಒಡೆದು ಲೈಸೆನ್ಸು ವಾಪಸು ಕೊಡಬೇಕೆಂದು ಆದೇಶವಾಯಿತು. ವರಾಂಡದಲ್ಲಿ ಇನ್ಸ್‌ಪೆಕ್ಟರ್ ಹಲ್ಲು ಕಿರಿದು, "ಮನಸ್ಸಿಗೆ ಹಚ್ಕೋಬೇಡಿ ಮಾವ, ನಮ್ಮ ಡ್ಯೂಟಿ ಅದು," ಎಂದ. ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಉಗಿಯುವುದಕ್ಕೂ ಯೋಗ್ಯನಲ್ಲ ಅನ್ನಿಸಿ ಮುಂದೆ ನಡೆದ.

ಮೆಟ್ಟಿಲ ಬಳಿ ಹೆಂಡತಿ ಕಾಯುತ್ತಿದ್ದಳು.

"ಗೆದ್ದು ಬಂದು ಯಾಕ್ರೀ ಅಳ್ತಿದೀರಾ?"

"ಒಂದು ಮಾತು ಕಣೇ," ಎಂದ ಅವನು. "ಒಂದೇ ಒಂದು ಮಾತು ಹೇಳೋದಿತ್ತು. ಎರಡು ವರ್ಷ ಆ ಕಳ್ಳನನ್ಮಕ್ಕಳಿಗೆ ಅದನ್ನ ಕೇಳೋಕೆ ಪುರುಸೊತ್ತಿರಲಿಲ್ಲ."