ಚೀಟಿ ಎತ್ತಿ ಗಸ್ತು ಹೊರಡುವ ಹವಾಲ್ದಾರ್ ಪ್ರೇಮಾವತಿ

ಬೆಳಗಿನ ನಾಲ್ಕೂಕಾಲು. ಸ್ವಾರಗೇಟ ಬಸ್ ನಿಲ್ದಾಣದ ಹಿಂದಿರುವ ತೀನ್‌ಚಿಂಚ ವಸ್ತಿ ಎಂಬ ಕೇರಿಯ ಪೊಲೀಸ್ ಚೌಕಿ ಎದುರು ಐದಾರು ಹೆಂಗಸರು ನಿಂತಿದ್ದಾರೆ. ದೂರು ಕೊಡಲು ಬಂದವರಲ್ಲ, ಕೆಲಸಕ್ಕೆ ಹೊರಟವರು. ಹವಾಲ್ದಾರ್ ಪ್ರೇಮಾವತಿ ಒಂದು ಸ್ಟೀಲ್ ಡಬ್ಬಿಯನ್ನು ಕುಲುಕಿ ಮುಂದೆ ಹಿಡಿಯುತ್ತಾರೆ. ಸೊಪ್ಪು ಮಾರುವ ಬಸವಣ್ಣೆವ್ವ ಮುಖ ಆಚೆ ತಿರುಗಿಸಿ, ಒಳಗೆ ಕೈ ಹಾಕಿ, ಮಡಚಿದ ಐದು ಚೀಟಿ ಒಂದೊಂದಾಗಿ ಎತ್ತಿ ಕೊಡುತ್ತಾರೆ. ಇಂದು ಪೊಲೀಸರು ಯಾವ ಗಲ್ಲಿಯಲ್ಲಿ ಮೊದಲು ನಿಲ್ಲಬೇಕು, ಯಾವುದರಲ್ಲಿ ಆಮೇಲೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

"ನಮ್ಮ ಓಣಿ ಬಂತೇನ್ರಿ?" ಬಸವಣ್ಣೆವ್ವ ಮೆಲ್ಲಗೆ ಕೇಳುತ್ತಾರೆ.

"ಹೇಳಿದ್ರ ಚೀಟಿ ಎತ್ತಿ ಏನ್ ಉಪಯೋಗ ಆತು? ನಡೀರಿ, ಬಸ್ ತಪ್ಪತದ," ಎನ್ನುತ್ತ ಪ್ರೇಮಾವತಿ ಟೋಪಿ ಸರಿಪಡಿಸಿಕೊಳ್ಳುತ್ತಾರೆ.

ಪೊಲೀಸ್ ಗಸ್ತು ಚೀಟಿ ಎತ್ತಿ ನಡೆಯುತ್ತದೆಂದರೆ ಯಾರಿಗಾದರೂ ನಗು ಬಂದೀತು. ನಗುವವರು ಎರಡು ವರ್ಷದ ಹಿಂದೆ ಇಲ್ಲಿಗೆ ಬರಬೇಕಿತ್ತು. ಹನ್ನೊಂದು ಗಲ್ಲಿ, ಏಳುನೂರು ಮನೆ. ಠಾಣೆಯ ನಕ್ಷೆಯಲ್ಲಿ ಈ ವಸ್ತಿಯ ಸುತ್ತ ಕೆಂಪು ಗೆರೆ. ಮೂರೇ ತಿಂಗಳಲ್ಲಿ ಇಪ್ಪತ್ತೊಂಬತ್ತು ಸುಲಿಗೆ, ಅಷ್ಟೂ ನಸುಕಿನಲ್ಲಿ, ಅಷ್ಟೂ ಹೆಂಗಸರ ಮೇಲೆ. ಬೈಕಿನಲ್ಲಿ ಇಬ್ಬರು ಬರುತ್ತಿದ್ದರು, ಕೊರಳಿಗೆ ಕೈ ಹಾಕುತ್ತಿದ್ದರು, ಹೋಗುತ್ತಿದ್ದರು. ಬಸವಣ್ಣೆವ್ವನ ಬೆಂಡೋಲೆ ಕಿತ್ತಾಗ ಕಿವಿಯ ಹಾಲೆಯೇ ಹರಿದಿತ್ತು. ನಸುಕಿನ ಕೆಲಸಕ್ಕೆ ಹೋಗುತ್ತಿದ್ದ ಹನ್ನೊಂದು ಹೆಂಗಸರು ಕೆಲಸವನ್ನೇ ಬಿಟ್ಟು ಮನೆಯಲ್ಲಿ ಕೂತರು.

ಪ್ರೇಮಾವತಿ ಹುಟ್ಟಿದ್ದು ದೌಂಡದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ತಂದೆ ಇಂಡಿ ಕಡೆಯಿಂದ ಬಂದು ಗ್ಯಾಂಗ್‌ಮನ್ ಆದವರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ವಯಸ್ಸು ನಲವತ್ತೊಂಬತ್ತು, ಸರ್ವಿಸ್ ಇಪ್ಪತ್ನಾಲ್ಕು ವರ್ಷ. ಅದರಲ್ಲಿ ಅರ್ಧ ಗಣಪತಿ ಬಂದೋಬಸ್ತಿನಲ್ಲಿ ನಿಂತು ಕಳೆದದ್ದು, ಉಳಿದರ್ಧ ಕೋರ್ಟಿನ ಬೆಂಚಿನ ಮೇಲೆ ಕೂತು ಕಳೆದದ್ದು ಎಂದು ತಾವೇ ನಗುತ್ತಾರೆ. ದಿನವೂ ಮೂರಕ್ಕೆ ಏಳುತ್ತಾರೆ. ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡೇ ಐದು ಕಿಲೋಮೀಟರ್ ನಡೆಯುತ್ತಾರೆ.

ಸುಲಿಗೆ ಹೆಚ್ಚಿದ್ದ ಆ ದಿನಗಳಲ್ಲೇ ಮೇಲಧಿಕಾರಿಗಳಿಂದ ಗಸ್ತಿಗೆ ಹೊಸ ಪದ್ಧತಿ ಬಂತು. ಜೀಪಿನಲ್ಲಿ ಸುತ್ತು ಹೊಡೆಯುವುದು ಬಿಟ್ಟು, ಹೆಚ್ಚು ಅಪರಾಧ ನಡೆಯುವ ಜಾಗಕ್ಕೆ ನಡೆದುಹೋಗಿ ಹದಿನೈದು ನಿಮಿಷ ನಿಲ್ಲಬೇಕು, ಜನರನ್ನು ಮಾತಾಡಿಸಬೇಕು, ಮುಂದಿನ ಜಾಗಕ್ಕೆ ಹೋಗಬೇಕು. ವೇಳಾಪಟ್ಟಿಯ ಚಾರ್ಟ್ ಚೌಕಿಯ ಗೋಡೆಗೆ ಅಂಟಿತು. ಒಂದು ತಿಂಗಳು ಎಲ್ಲ ಚೆಂದ. ಎರಡನೇ ತಿಂಗಳು ಸುಲಿಗೆ ಮತ್ತೆ ಮೊದಲಿನಷ್ಟಕ್ಕೇ ಏರಿತು. ಯಾಕೆಂದು ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರಿಗೆ ಹೊಳೆಯಲಿಲ್ಲ. ಬಸವಣ್ಣೆವ್ವನಿಗೆ ಹೊಳೆದಿತ್ತು.

"ನಿಮ್ಮ ಚಾರ್ಟ್ ನನಗೂ ಬಾಯಿಪಾಠ ಆಗೈತ್ರಿ ಮ್ಯಾಡಂ. ನೀವು ನೀರಿನ ಟಾಕಿ ಹತ್ರ ನಿಂತ್ರ ಐದು ಹೊಡೀತು ಅಂತ ನಾನು ಹಾಲು ತರಾಕ ಹೋಗತೇನಿ. ಓದಲಾರದ ನನಗ ಇಷ್ಟು ತಿಳೀತಂದ್ರ ಕಳ್ಳರಿಗೆ ತಿಳಿಯಂಗಿಲ್ಲೇನ್ರಿ?"

ಪ್ರೇಮಾವತಿ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದರು. ಮುಂದಿನ ಭಾನುವಾರ ವಸ್ತಿಯ ಹೆಂಗಸರ ಭಿಶಿ ನಡೆಯುತ್ತಿತ್ತು. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕಿ, ಚೀಟಿ ಎತ್ತಿ, ಹೆಸರು ಬಂದವರಿಗೆ ಕೊಡುವ ಪದ್ಧತಿ. ಚೀಟಿ ಬಿಚ್ಚುವತನಕ ಸರದಿ ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ. ನೋಡುತ್ತ ನಿಂತಿದ್ದ ಪ್ರೇಮಾವತಿ ಅಲ್ಲೇ ಒಂದು ಖಾಲಿ ಡಬ್ಬಿ ಕೇಳಿ ಪಡೆದರು.

ಗಲ್ಲಿಗಳ ಹೆಸರು ಬರೆದ ಚೀಟಿ ಎತ್ತಿಸಿ ಗಸ್ತು ಹೋಗುತ್ತೇನೆಂದಾಗ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಿದ್ದು ಬಿದ್ದು ನಕ್ಕರಂತೆ. ಚೌಕಿ ನಡೆಸುತ್ತೀರೋ ಭಿಶಿ ನಡೆಸುತ್ತೀರೋ ಎಂದು ಕೇಳಿದರಂತೆ. ನಕ್ಕರೂ ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಸುಲಿಗೆ ಇಳಿಯದಿದ್ದರೆ ನಸುಕಿನ ಗಸ್ತು ಬಂದ್, ಸಿಬ್ಬಂದಿ ಟ್ರಾಫಿಕ್ಕಿಗೆ, ಪ್ರೇಮಾವತಿ ಜಪ್ತಿ ಮಾಲಿನ ಕೋಣೆ ಕಾಯಲಿಕ್ಕೆ. "ನನಗ ಆ ಕ್ವಾಣಿ ಸುಖಾನ ಇತ್ತು ಬಿಡ್ರಿ, ಫ್ಯಾನ್ ಅದ, ಕುರ್ಚಿ ಅದ," ಎನ್ನುತ್ತಾರೆ ಅವರು. "ಆದ್ರ ಈ ಹೆಣ್ಮಕ್ಕಳು ಎಲ್ಲಿಗಿ ಹೋಗಬೇಕು?"

ಎಪ್ಪತ್ತೊಂದನೇ ದಿನದ ಕಥೆಯನ್ನು ವಸ್ತಿಯಲ್ಲಿ ಯಾರನ್ನು ಕೇಳಿದರೂ ಕೈ ಬೀಸಿ ಬೀಸಿ ಹೇಳುತ್ತಾರೆ. ಅವತ್ತಿನ ಮೊದಲ ಚೀಟಿ ನೀರಿನ ಟಾಕಿ. ಹಿಂದಿನ ದಿನವೂ ಅದೇ ಮೊದಲು ಬಂದಿತ್ತು. ಜೊತೆಯ ಶಿಪಾಯಿ ವಿಕ್ರಮ, ಭೋರ್ ಕಡೆಯವರು, ಇಬ್ಬರು ಮಕ್ಕಳ ತಂದೆ. ನಿನ್ನೆ ಅಲ್ಲೇ ನಿಂತಿದ್ದೆವಲ್ಲ ಅಕ್ಕ, ಇದನ್ನು ಒಳಗೆ ಹಾಕಿ ಬೇರೆ ಎತ್ತಿಸೋಣ ಎಂದು ಮರಾಠಿಯಲ್ಲಿ ಹೇಳಿದರು. ಪ್ರೇಮಾವತಿ ಒಪ್ಪಲಿಲ್ಲ. ನಮಗೆ ಬೇಕಾದ್ದನ್ನು ಆರಿಸಿಕೊಂಡ ದಿನ ಅದು ಮತ್ತೆ ಚಾರ್ಟೇ ಆಗುತ್ತದೆ ಎಂದು ನಡೆದೇಬಿಟ್ಟರು.

ಟಾಕಿಯ ಮೂಲೆ ತಿರುಗುವಷ್ಟರಲ್ಲಿ ಬೈಕ್ ಬಂತು. ಹಿಂದೆ ಕೂತವನು ಇಳಿದು, ಕೊಡ ತುಂಬಿಸುತ್ತಿದ್ದ ಹೆಂಗಸಿನ ಕೊರಳಿಗೆ ಕೈ ನೀಡಿದ. ಅದೇ ಕೈಯನ್ನು ಪ್ರೇಮಾವತಿ ಹಿಡಿದರು. ವಿಕ್ರಮ ಬೈಕಿನ ಹ್ಯಾಂಡಲ್ಲಿಗೆ ಜೋತುಬಿದ್ದರು. ಗಲ್ಲಿಯ ಬಾಯಿಗೆ ಬಸವಣ್ಣೆವ್ವ ತಮ್ಮ ತಳ್ಳುಗಾಡಿಯನ್ನು ಅಡ್ಡ ನಿಲ್ಲಿಸಿ, ತಾವೂ ಅದರ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತರು. ಇಬ್ಬರೂ ಸಿಕ್ಕರು. ಚೌಕಿಯಲ್ಲಿ ಕೂರಿಸಿದಾಗ ಅವರಲ್ಲೊಬ್ಬ ನಿಜವಾದ ಬೇಸರದಿಂದ ಕೇಳಿದನಂತೆ: "ನಿನ್ನೆ ಬಂದಿದ್ರಲ್ಲ, ಇವತ್ತು ಯಾಕೆ ಬಂದ್ರಿ?" ವಿಕ್ರಮ ಇದನ್ನು ಹೇಳುವಾಗ ಈಗಲೂ ಗೋಡೆ ಹಿಡಿದು ನಗುತ್ತಾರೆ.

ಮೂರು ತಿಂಗಳು ಮುಗಿದಾಗ ಇಪ್ಪತ್ತೊಂಬತ್ತು ಇದ್ದದ್ದು ಮೂರಕ್ಕೆ ಇಳಿದಿತ್ತು. ಕಳೆದ ಆರು ತಿಂಗಳಲ್ಲಿ ಒಂದೇ ಒಂದು. ಕೆಲಸ ಬಿಟ್ಟಿದ್ದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಮರಳಿ ಹೊರಟಿದ್ದಾರೆ. ಅಂದು ನಕ್ಕ ಸಾಹೇಬರೇ ಇನ್ನೂ ನಾಲ್ಕು ಚೌಕಿಗಳಲ್ಲಿ ಚೀಟಿ ಎತ್ತಿಸುವ ಆದೇಶ ಹೊರಡಿಸಿದ್ದಾರೆ. ಆದೇಶದಲ್ಲಿ ಪ್ರೇಮಾವತಿಯ ಹೆಸರಿಲ್ಲ, 'ಅನಿರೀಕ್ಷಿತ ಗಸ್ತು ವ್ಯವಸ್ಥೆ' ಎಂದಷ್ಟೇ ಇದೆ. ಬಸವಣ್ಣೆವ್ವನ ಹೆಸರೂ ಇಲ್ಲ ಎಂದು ಪ್ರೇಮಾವತಿ ನೆನಪಿಸುತ್ತಾರೆ.

ಐದೂವರೆ. ಮೂರನೇ ಗಲ್ಲಿಯಲ್ಲಿ ಹದಿನೈದು ನಿಮಿಷ ಮುಗಿಯುತ್ತಿದೆ. ಹೆಂಗಸರ ಗುಂಪೊಂದು ಯಾರದೋ ಸೊಸೆಯ ಬಗ್ಗೆ ಜೋರಾಗಿ ಮಾತಾಡುತ್ತ, ಪೊಲೀಸರತ್ತ ತಿರುಗಿಯೂ ನೋಡದೆ ಹಾದುಹೋಗುತ್ತದೆ. ಅವರು ಮೂಲೆ ದಾಟುವವರೆಗೂ ಪ್ರೇಮಾವತಿ ನೋಡುತ್ತಲೇ ಇರುತ್ತಾರೆ. ಬಡ್ತಿ ಬೇಡವೇ ಎಂದರೆ, ಬಂದಾಗ ಬರಲಿ ಎನ್ನುತ್ತಾರೆ.

"ನಂದು ಒಂದ ಆಸೆ ಅದ ರೀ. ಇನ್ನ ಒಂಬತ್ತು ವರ್ಷ ಸರ್ವಿಸ್ ಅದ. ಅಷ್ಟರಾಗ ಒಂದಿನ ಈ ಹೆಣ್ಮಕ್ಕಳು ನನ್ನ ಮುಂದ ಬಂದು, ನಾಳಿಂದ ನೀವು ಬರಬ್ಯಾಡ್ರಿ ಮ್ಯಾಡಂ, ನಾವ ಹೋಗತೇವಿ ಅನ್ನಬೇಕು. ಮರುದಿನ ನಾ ಆರು ಗಂಟೆತನಕ ಭಾಳ ಛಂದ ಮಲಗಬೇಕು."