ಬಾಲದ ತೂಕ ಮತ್ತು ಸಿಲ್ವಿ ಮೇಡಂ

ತೂಕದ ಕಲ್ಲುಗಳನ್ನು ಒಂದೊಂದಾಗಿ ಉಕ್ಕಿನ ಹಲಗೆಯ ಮೇಲೆ ಏರಿಸುತ್ತ, ಅಂಕಿ ಅಲುಗಾಡದೆ ನಿಲ್ಲುವುದನ್ನೇ ಕಾಯುತ್ತಿದ್ದರು ಸಿಲ್ವಿ ಮೇಡಂ. ಪುತ್ತೂರಿನ ಕಾಲೇಜಿನ ವರ್ಕ್‌ಶಾಪಿನಿಂದ ಅವರು ನಿವೃತ್ತರಾಗಲು ಒಂದು ವಾರವಿತ್ತು.

ಸಣ್ಣ ವಿಮಾನಗಳನ್ನು ತೂಗುವ ಯಂತ್ರವನ್ನು ತಮ್ಮ ಕೈಯಾರೆ ಕಟ್ಟಿದವರು ಈ ಸೀಮೆಯಲ್ಲಿ ಅವರೊಬ್ಬರೇ. ಚಕ್ರಕ್ಕೊಂದರಂತೆ ಮೂರು ಹಲಗೆ. ಮೂರರ ಅಂಕಿ ಸೇರಿದರೆ ವಿಮಾನದ ಭಾರವೆಷ್ಟು, ಅದು ಎಲ್ಲಿ ಕೂತಿದೆ ಎಂಬುದು ತಿಳಿಯುತ್ತದೆ. ಭಾರ ಬಾಲದತ್ತ ಸರಿದ ವಿಮಾನ ಮೂತಿಯೆತ್ತಿ, ಹಿಡಿತ ತಪ್ಪಿ ಬೀಳುತ್ತದೆ.

ಇಚಿಲಂಪಾಡಿಯ ರಬ್ಬರ್ ಕೃಷಿಕರ ಮಗಳಾದ ಅವರು ವರ್ಕ್‌ಶಾಪಿಗೆ ಸೇರಿದಾಗ ಅಲ್ಲಿ ಬೇರೆ ಹೆಂಗಸರಿರಲಿಲ್ಲ. ಮುಂದೆ, ಗರಗರ ತಿರುಗಿ ಲೋಹ ಕಡೆಯುವ ಲೇತ್ ಯಂತ್ರಕ್ಕೆ ಹೆದರುವ ಹುಡುಗಿಯರ ಜಡೆಯನ್ನು ತಾವೇ ಬಿಗಿದು ಟೊಪ್ಪಿಯೊಳಗೆ ಸೇರಿಸಿ, ಕೆಲಸ ಮುಗಿಯುವವರೆಗೂ ಪಕ್ಕದಲ್ಲಿ ನಿಲ್ಲುತ್ತಿದ್ದರು.

ಸವಣೂರಿನ ಅಡಿಕೆ ವ್ಯಾಪಾರಿ ಸಿದ್ದೀಕ್ ತಾವೇ ಕಟ್ಟಿದ ವಿಮಾನವನ್ನು ಅವರಲ್ಲಿಗೆ ತಂದದ್ದು ಕೆಲವು ವರ್ಷಗಳ ಹಿಂದೆ. ಬಾಲವನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡನ್ನು ಹಲಗೆಯ ಮೇಲಿಟ್ಟು, ಅದರ ತೂಕ ಲೆಕ್ಕಕ್ಕೆ ಬಾರದಂತೆ ಮೇಡಂ ಮೊದಲೇ ಅಂಕಿಯನ್ನು ಸೊನ್ನೆಗೆ ತಂದಿದ್ದರು.

"ಸ್ಟ್ಯಾಂಡಿನ ತೂಕ ಕಳೀಬೇಕಲ್ಲ ಮೇಡಂ? ಗೋಣಿ ಸಮೇತ ಅಡಿಕೆ ತೂಗಿ ದುಡ್ಡು ಕೊಟ್ರೆ ನನ್ನ ಅಂಗಡಿ ಉಳೀತದಾ?" ಎಂದರು ಸಿದ್ದೀಕ್.

"ನಿಮಗೆ ವಿಮಾನವೂ ಅಡಿಕೆಯೇ ಮಾರಾಯ್ರೆ!" ಎಂದು ಮೇಡಂ ನಕ್ಕುಬಿಟ್ಟರು.

ಆ ಪ್ರಶ್ನೆ ತಮಾಷೆಯೆಂದು ಮೇಡಂ ಭಾವಿಸಿದ್ದರು, ತೂಕ ಆಗಲೇ ಕಳೆದಿದೆಯೆಂದು ಹೇಳಲಿಲ್ಲ. ಆದರೆ ಸಿದ್ದೀಕ್ ಮನೆಗೆ ಹೋಗಿ, ಅಡಿಕೆಯ ರೂಢಿಯಂತೆ ಸ್ಟ್ಯಾಂಡಿನ ತೂಕವನ್ನು ಮತ್ತೊಮ್ಮೆ ಕಳೆದರು. ಕಾಗದದ ಮೇಲೆ ಬಾಲ ಹಗುರಾಯಿತು, ನಿಜದಲ್ಲಿ ಭಾರವಾಗಿಯೇ ಇತ್ತು. ವಿಮಾನ ಬಿತ್ತು, ಅವರು ಉಳಿಯಲಿಲ್ಲ. ಯಂತ್ರ ಸರಿಯಿತ್ತೆಂದು ತನಿಖೆ ಹೇಳಿತು. ಯಂತ್ರ ಸರಿಯಿತ್ತು, ನಗು ಸರಿಯಿರಲಿಲ್ಲ ಎಂದುಕೊಂಡ ಮೇಡಂ ಆಮೇಲೆ ಯಾರ ವಿಮಾನವನ್ನೂ ತೂಗಲಿಲ್ಲ. ಆದರೂ ಹಲಗೆಗಳನ್ನು ಪರೀಕ್ಷಿಸುವುದನ್ನು ಬಿಡಲಿಲ್ಲ.

ಈ ದಿನ ಬಾಗಿಲಲ್ಲಿ ನಿಂತವಳು ಸಿದ್ದೀಕರ ತಂಗಿ, ಹಾರಾಟದ ಪರವಾನಗಿ ಪಡೆದ ಆಯಿಶತ್ ಶಿಫಾ.

"ಅಣ್ಣ ಇನ್ನೊಂದು ವಿಮಾನ ಅರ್ಧ ಕಟ್ಟಿಟ್ಟಿದ್ದ ಮೇಡಂ. ನಾನು ಮುಗಿಸಿದೆ. ತೂಗಿ ಕೊಡ್ಬೇಕು."

"ಅದೊಂದು ಹೇಳ್ಬೇಡ. ನಾನು ತೂಗುದಿಲ್ಲ."

"ಹಾಗಾದ್ರೆ ಅಂಗಡಿಯ ತಕ್ಕಡಿ ಉಂಟು. ಅದ್ರಲ್ಲೇ ತೂಗಿ ಹಾರ್ತೇನೆ."

"ಹೆದರಿಸುದಾ ನನ್ನನ್ನು?"

"ಇಲ್ಲ. ಹೇಳಿ ಹೋಗುದು."

ಮೇಡಂ ಕೈಯಲ್ಲಿದ್ದ ಕಲ್ಲನ್ನು ಹಲಗೆಯ ಮೇಲಿಟ್ಟರು. "ಸೋಮವಾರ ತಾ. ಲೆಕ್ಕ ನೀನೇ ಮಾಡು, ಆದ್ರೆ ಬಾಯಿಬಿಟ್ಟು ಹೇಳ್ತಾ ಮಾಡ್ಬೇಕು. ನಾನು ನಗುದಿಲ್ಲ."

ಇಂಥವರ ಆಯುಷ್ಯ ಬೆಳೆಯಲಿ, ಅವರ ಕೈಗೆ ಕೆಲಸ ತಪ್ಪದಿರಲಿ ಎಂದು ವರ್ಕ್‌ಶಾಪಿನ ಬಳಗವೆಲ್ಲ ಹಾರೈಸುತ್ತಿದೆ.

ಶಿಫಾ ಹೋದ ಮೇಲೆ ಮೇಡಂ ಕಲ್ಲುಗಳನ್ನು ಇಳಿಸಿದರು. ಚಪ್ಪಲಿ ಕಳಚಿ ತಾವೇ ಹಲಗೆಯನ್ನೇರಿ ನಿಂತರು. ಶಿಫಾ ಹಾರಿಸುವ ವಿಮಾನದ ಎರಡನೆಯ ಸೀಟಿನಲ್ಲಿ ಮೊದಲು ಕೂರಬೇಕಾದವರ ತೂಕ ಎಷ್ಟೆಂದು ನೋಡಿಕೊಂಡು ಇಳಿದರು, ಯಾರಿಗೂ ಹೇಳಲಿಲ್ಲ.