ಚೀನಾ ಓಣಿಯ ಕಡುಬು

ನನ್ನ ಗಂಡನಿಗೆ ಆಡಿನ ಹಾಗೆ ಕೂಗಲು ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ಮದುವೆಯಾಗಿ ಮೂರನೇ ವರ್ಷ, ದೋಹಾದಲ್ಲಿ, ಒಬ್ಬ ಚೀನಾ ಹೆಂಗಸಿನ ಅಂಗಡಿಯ ಮುಂದೆ. ಆಡು ಮುಗಿದ ಮೇಲೆ ಕೋಳಿ, ಕೋಳಿ ಮುಗಿದ ಮೇಲೆ ಎಮ್ಮೆ. ಒಂದೊಂದು ಕೂಗಿಗೂ ಎರಡು ಕೈ ಆಡಿಸಿ “ಮಾಫಿ, ಮಾಫಿ” ಎನ್ನುತ್ತಿದ್ದರು. ‘ಇಲ್ಲ’ ಎನ್ನಲು ಆ ಊರಿನಲ್ಲಿ ಎಲ್ಲ ದೇಶದವರಿಗೂ ಬರುತ್ತಿದ್ದ ಅರಬ್ಬಿ ಮಾತು ಅದು. ಅಲ್ ಗರಾಫಾದಲ್ಲಿ ದೊಡ್ಡ ದೊಡ್ಡ ವಿಲ್ಲಾ ಕಟ್ಟಿಸುವ ಸೂಪರ್‌ವೈಸರ್ ಅವರು. ಸೈಟಿನಲ್ಲಿ ಅವರು ಕೆಮ್ಮಿದರೆ ಕೆಲಸಗಾರರು ಎದ್ದು ನಿಲ್ಲುತ್ತಿದ್ದರಂತೆ. ಅಂಥವರನ್ನು ನಡುಬೀದಿಯಲ್ಲಿ ಎಮ್ಮೆ ಮಾಡಿದವಳು ನಾನು.

ತೊಂಬತ್ತರ ದಶಕದ ಮಧ್ಯದ ಮಾತು. ಬಾಗಲಕೋಟೆ ಕಡೆಯ ಹೆಣ್ಣು ನಾನು. ಮದುವೆಯಾದ ಮೇಲೆ ಎರಡು ವರ್ಷ ಅತ್ತೆಯ ಅಡುಗೆಮನೆಯಲ್ಲಿ ಉಪ್ಪು ಹಾಕಲೂ ಅಪ್ಪಣೆ ಕೇಳಿದವಳಿಗೆ ಕೊನೆಗೂ ಫ್ಯಾಮಿಲಿ ವೀಸಾ ಬಂತು, ಎರಡು ಕೋಣೆಯ ಸ್ವಂತ ಸಂಸಾರ ಸಿಕ್ಕಿತು. ಡಬ್ಬಿಗಳನ್ನು ನನಗೆ ಬೇಕಾದಲ್ಲಿ ಇಟ್ಟುಕೊಂಡು, ಬೇಡವೆನಿಸಿದರೆ ಬದಲಿಸಿ, ರಾಣಿಯ ಹಾಗೆ ಮೆರೆಯುತ್ತಿದ್ದೆ. ಅಷ್ಟರಲ್ಲಿ ಬಸಿರಾದೆ. ಒಗ್ಗರಣೆ ವಾಸನೆಗೆ ವಾಂತಿ, ರೊಟ್ಟಿ ಬೇಯುವ ವಾಸನೆಗೆ ವಾಂತಿ, ಕೆಳಗಿನ ಮನೆಯವರು ಮೀನು ಹುರಿದರೆ ಅದಕ್ಕೂ ನಮ್ಮ ಬಚ್ಚಲಲ್ಲೇ ವಾಂತಿ. ಡಾಕ್ಟರಮ್ಮ ತೂಕದ ಮುಳ್ಳು ನೋಡಿ ಮುಖ ಗಂಟಿಕ್ಕಿದರು. ಮುಂದಿನ ಸಲ ಬರುವಷ್ಟರಲ್ಲಿ ತೂಕ ಏರದಿದ್ದರೆ ಊರಿಗೆ ಹೋಗಿ ತಾಯಿಯ ಹತ್ತಿರ ಸುಧಾರಿಸಿಕೊಳ್ಳುವುದೇ ಒಳ್ಳೆಯದು ಎಂದರು.

ಅವ್ವನಿಗೆ ಅಷ್ಟೇ ಸಾಕಾಯಿತು. ಶುಕ್ರವಾರ, ರಜೆಯ ದಿನ, ನಾವು ಊರಿಗೆ ಫೋನ್ ಮಾಡುತ್ತಿದ್ದೆವು. ಅವ್ವ ಫೋನಿದ್ದ ಪಕ್ಕದ ಮನೆಗೆ ಮೊದಲೇ ಬಂದು ಕೂತಿರುತ್ತಿದ್ದಳು.

“ಟಿಕೀಟ ತಗಸಂತ ಹೇಳು ನಿನ್ನ ಗಂಡಗ. ಹೊಟ್ಯಾಗಿನ ಕೂಸಿನ್ನ ಉಪಾಸ ಇಟ್ಟು ಅಲ್ಲೇನು ರಾಜ್ಯಾ ಆಳ್ತಿ? ನನ್ನ ಕಣ್ಣ ಮುಂದ ಬಂದು ಬೀಳು.”

ಈಗ ಹೋದರೆ ಹೆರಿಗೆಯಾಗಿ, ಬಾಣಂತನ ಮುಗಿದು, ಮತ್ತೆ ಅತ್ತೆಯ ಮನೆ ಸೇರಿ, ಕೂಸು ಅಂಬೆಗಾಲಿಡುವ ತನಕ ನನಗೆ ದೋಹಾ ಇಲ್ಲ. ಗಂಡನನ್ನು ಬಿಟ್ಟಿರಲು ಆಗುವುದಿಲ್ಲ ಎಂದು ಅವ್ವನ ಮುಂದೆ ಬಾಯಿಬಿಟ್ಟು ಹೇಳುವ ಕಾಲವಲ್ಲ ಅದು. ಈಗ ಹೇಳುತ್ತೇನೆ, ನನಗೆ ಆಗುತ್ತಿರಲಿಲ್ಲ. ಹಾಗಾಗಿ ಏನಾದರೂ ತಿನ್ನಲೇಬೇಕಿತ್ತು.

ಮೇಲಿನ ಮನೆಯಲ್ಲಿ ಮಂಗಳೂರು ಕಡೆಯ ಒಬ್ಬ ಅಕ್ಕ ಇದ್ದರು. ಆಫೀಸಿನಲ್ಲಿ ಟೈಪಿಸ್ಟ್. ದೋಹಾದಲ್ಲಿ ಎಲ್ಲಿ ಏನು ಅಗ್ಗ, ಎಲ್ಲಿ ಏನು ರುಚಿ ಎಂಬುದು ಅವರಿಗೆ ಬಾಯಿಪಾಠ.

“ಎಂತ ಮಾರಾಯ್ತಿ, ಹೀಗೆ ಉಪವಾಸ ಕೂತರೆ ಆಗ್ತದಾ? ನಜ್ಮಾ ಏರಿಯಾದ ಹಿಂದೆ ಚೀನಾದವರ ಒಂದು ಗಲ್ಲಿ ಉಂಟು. ಅಲ್ಲೊಬ್ಬಳು ಹಬೆಯಲ್ಲಿ ಬೇಯಿಸಿ ಎಂತದೋ ಮಾಡ್ತಾಳೆ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ. ಐದು ರಿಯಾಲಿಗೆ ತಟ್ಟೆ ತುಂಬ ಕೊಡ್ತಾಳೆ.”

“ಒಳಗ ಮಾಂಸ ಇರ್ತೈತೇನ್ರಿ ಅಕ್ಕಾ?”

“ಅದು ನನಗೆ ಗೊತ್ತಿಲ್ಲಪ್ಪ. ನಾನು ಕೇಳುವವಳಲ್ಲ, ತಿನ್ನುವವಳು.”

ನಾವೋ ಲಿಂಗಾಯತರು, ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ದೂರ ಇಡುವವರು. ಆದರೂ ಅವತ್ತೇ ಸಂಜೆ ಗಂಡ ಹೆಂಡತಿ ಹೊರಟೆವು. ಚೀನಾದವರು ಆಗ ಆ ಊರಿನಲ್ಲಿ ಬೆರಳೆಣಿಕೆಯಷ್ಟು. ಇದ್ದವರೆಲ್ಲ ಆ ಓಣಿಯಲ್ಲೇ ಇದ್ದರೋ ಏನೋ. ಒಂದು ಹೊಲಿಗೆ ಅಂಗಡಿ, ಒಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ, ತಲೆಯ ಮೇಲೆ ತೊಟ್ಟಿಕ್ಕುವ ಎ.ಸಿ. ನೀರು, ಕೊನೆಯಲ್ಲಿ ಈ ಹೆಂಗಸಿನ ಪುಟ್ಟ ಅಂಗಡಿ. ಬಿದಿರಿನ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಹಬೆ ಬರಿಸುತ್ತಿದ್ದಳು. ಮುಚ್ಚಳ ತೆಗೆದಾಗ ನಾನು ಸೆರಗನ್ನು ಬಾಯಿಗೆ ಹಿಡಿದು ತಯಾರಾದೆ. ವಾಂತಿ ಬರಲಿಲ್ಲ. ಇಣುಕಿ ನೋಡಿದರೆ ಒಳಗೆ ಸಾಲಾಗಿ ಕಡುಬು! ಅರ್ಧಚಂದ್ರದ ಆಕಾರ, ಅಂಚಿಗೆ ಸಣ್ಣ ಸಣ್ಣ ನಿರಿಗೆ. ಪಂಚಮಿಗೆ ಅವ್ವ ಮಾಡುವ ಕಡುಬಿನದೇ ನಿರಿಗೆ.

ನನ್ನವರ ಪ್ರಾಣಿಸಂಗ್ರಹಾಲಯ ನಡೆದದ್ದು ಆಗಲೇ. ಆಕೆಗೆ ಇಂಗ್ಲಿಷು ಬಾರದು, ಹಿಂದಿ ಬಾರದು. “ಮಾಫಿ”ಯನ್ನು ‘ಇಲ್ಲವೇ?’ ಎಂಬ ಪ್ರಶ್ನೆಯೆಂದೇ ತಿಳಿದಳೋ ಏನೋ, ಕೈ ಆಡಿಸಿದರೂ ಉಪಯೋಗವಾಗಲಿಲ್ಲ. ಎಲ್ಲ ಕೂಗನ್ನೂ ಶ್ರದ್ಧೆಯಿಂದ ಕೇಳಿ, ಹೊಲಿಗೆಯವನನ್ನೂ ಕರೆದು ಇನ್ನೊಮ್ಮೆ ಕೂಗಿಸಿ, ನಕ್ಕು, ಒಳಗೆ ಹೋಗಿ ಆಡಿನದು, ಕೋಳಿಯದು, ದನದ್ದು ಎಂದು ಬೇರೆ ಬೇರೆ ತಟ್ಟೆ ತಂದಿಟ್ಟಳು. ನನಗೆ ಸಿಟ್ಟು ಬಂತು. ಹೇಳದೆ ಕೇಳದೆ ಆಕೆಯ ಅಡುಗೆಮನೆಗೇ ನುಗ್ಗಿ, ಮೂಲೆಯಲ್ಲಿದ್ದ ಎಲೆಕೋಸನ್ನು ಎತ್ತಿ ಕೂಸಿನ ಹಾಗೆ ಎದೆಗೆ ಅವಚಿಕೊಂಡು, ಮಾಂಸದ ಬೋಗುಣಿಗೆ ಬೆನ್ನು ತಿರುಗಿಸಿ ನಿಂತೆ. ಆಕೆ ಕೋಸನ್ನು ನೋಡಿದಳು, ನನ್ನ ಹೊಟ್ಟೆಯನ್ನು ನೋಡಿದಳು. ಮಣೆ, ಚಾಕು ಎರಡನ್ನೂ ಬಿಸಿನೀರಿನಲ್ಲಿ ತೊಳೆದು ಕೋಸು ಹೆಚ್ಚತೊಡಗಿದಳು.

ಜತೆಗೆ ಕೊಟ್ಟ ಕರಿ ಸಾರಿನ ವಾಸನೆ ನನಗೆ ಆಗಲಿಲ್ಲ. ಚೀಲದಲ್ಲಿ ಯಾವಾಗಲೂ ಇರುತ್ತಿದ್ದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ತುಪ್ಪದ ಬಾಟಲಿ ತೆಗೆದೆ. ಕಡುಬೆಂದ ಮೇಲೆ ತುಪ್ಪ ಬೇಡವೇ? ಒಂದು ತಟ್ಟೆ ಮುಗಿಸಿದೆ. ಆಮೇಲೆ ಮೂವರೂ ವಾಂತಿಗಾಗಿ ಕಾದೆವು. ನನ್ನವರು ವಾಚ್ ನೋಡುತ್ತಿದ್ದರು, ಆಕೆ ಬಕೆಟ್ ಹಿಡಿದು ನಿಂತಿದ್ದಳು. ಬರಲಿಲ್ಲ. ಇನ್ನೊಂದು ತಟ್ಟೆ ತರಿಸಿದೆ.

ಅಲ್ಲಿಂದ ಮುಂದೆ ದಿನಾ ಸಂಜೆ ಅಲ್ಲೇ ಊಟ. ಆಕೆಗೂ ಶೇಂಗಾ ಹಿಂಡಿಯ ಚಟ ಹತ್ತಿತು. ಡಬ್ಬಿ ತೆರೆಯುವ ತನಕ ನನ್ನ ತಟ್ಟೆ ಹೊರಗೆ ಬರುತ್ತಿರಲಿಲ್ಲ. ಆಸ್ಪತ್ರೆಯ ದಿನ ಹತ್ತಿರ ಬಂದಾಗ ನನಗೆ ಆಕೆಯ ಋಣ ತೀರಿಸಬೇಕೆನಿಸಿತು. ಮುತ್ತೈದೆಗೆ ಏನು ಕೊಡಬೇಕೆಂಬುದು ನಮ್ಮಲ್ಲಿ ಯಾರಿಗಾದರೂ ಗೊತ್ತು. ಮಂಗಳವಾರ ಕುಪ್ಪಸಕ್ಕೆಂದು ಒಂದು ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಉತ್ತತ್ತಿ, ಅಡಿಕೆ ಒಯ್ದು ಆಕೆಯ ಉಡಿ ತುಂಬಿದೆ. ಪ್ಯಾಂಟು ತೊಟ್ಟವಳಿಗೆ ಸೆರಗೆಲ್ಲಿ? ಅಡುಗೆಯ ಏಪ್ರನ್ನನ್ನೇ ಹಿಡಿಸಿದೆ. ಹಣೆಗೆ ಕುಂಕುಮ ಹಚ್ಚಿಸಿಕೊಂಡಳು. ಎಲ್ಲವನ್ನೂ ಒಂದೊಂದಾಗಿ ಮೂಸಿ ನೋಡಿ, ಬಲು ಗಂಭೀರವಾಗಿ ತಲೆಯಾಡಿಸಿದಳು.

ಮರುದಿನ ಹೋದರೆ ಅದೇ ಖಣದಲ್ಲಿ ಕಟ್ಟಿದ ಒಂದು ಗಂಟನ್ನು ನನ್ನ ಕೈಗಿಟ್ಟಳು. ಬಿಚ್ಚಿದೆ. ಒಳಗೆ ಬಿಸಿ ಬಿಸಿ ಕಡುಬು, ಕಡುಬಿನೊಳಗೆ ಬೆಂದ ಅಕ್ಕಿ, ಕೊಬ್ಬರಿ, ಬೆಲ್ಲ, ಉತ್ತತ್ತಿ. ನಾನು ಸಾಮಾನು ತಂದುಕೊಟ್ಟು ಅಡುಗೆ ಮಾಡಲು ಹೇಳಿದ್ದೇನೆ ಎಂದೇ ಆಕೆ ತಿಳಿದಿದ್ದಳು! ನನ್ನವರು ಒಂದನ್ನು ಬಾಯಿಗೆ ಹಾಕಿ ಕಟ್ಟೆಂದು ಕಚ್ಚಿ ಕೆನ್ನೆ ಹಿಡಿದುಕೊಂಡರು. ಅದರಲ್ಲಿ ಅಡಿಕೆ ಇತ್ತು.

ಅವರು ನಕ್ಕರು, ಆಕೆ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ತುಂಬಿದ ಉಡಿಯನ್ನು ಯಾರಾದರೂ ತಿರುಗಿ ಕೊಡುತ್ತಾರೆಯೇ? ಅದೂ ಬಸುರಿಗೆ? ಅಪಶಕುನವಲ್ಲವೇ? ಹೆದರುತ್ತಲೇ ತಿಂದೆ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ, ಎಲ್ಲವನ್ನೂ ತಿಂದೆ.

ಗುರುವಾರ ಆಸ್ಪತ್ರೆಯಲ್ಲಿ ಮುಳ್ಳು ಏರಿತ್ತು. ಡಾಕ್ಟರಮ್ಮ ಇಲ್ಲೇ ಇರಬಹುದು ಎಂದರು. ಆದರೆ ಟಿಕೆಟ್ಟಿನ ವಿಷಯದಲ್ಲಿ ನಮ್ಮ ಮನೆಯ ಕೊನೆಯ ಮಾತು ಡಾಕ್ಟರಮ್ಮನದಲ್ಲ, ಅವ್ವನದು. ಶುಕ್ರವಾರ “ಉಡಿ ಸುದ್ದಿ ತಗೀಬ್ಯಾಡ” ಎಂದು ನನ್ನವರು ಹೇಳಿಕೊಟ್ಟೇ ಫೋನ್ ಕೈಗೆ ಕೊಟ್ಟರು. ಅವ್ವನ ದನಿ ಕೇಳಿದ್ದೇ ತಡ, ನಾನು ಎಲ್ಲವನ್ನೂ ಒದರಿಬಿಟ್ಟೆ. ಚೀನಾದಾಕೆ, ಕಡುಬು, ಖಣ, ಅಡಿಕೆ, ತಿರುಗಿ ಬಂದ ಉಡಿ.

 

“ಖಣದಾಗ ಕಟ್ಟಿ ಕೊಟ್ಲಾ?” ಅವ್ವ ಕೇಳಿದಳು.

“ಹೂಂನವ್ವ.”

“ಸಿಹಿ ಕಡಬು ಮಾಡಿ, ಮ್ಯಾಲ ಖಣಾ ಕೊಟ್ಟು ನಿನ್ನ ಉಣ್ಣಿಸಿ ಕಳಿಸ್ಯಾಳಂದ್ರ ಇನ್ನೇನು ಉಳೀತು ಹುಚ್ಚಿ? ಕುಬಸಾ ಮಾಡ್ಯಾಳ ನಿನಗ!”

ಬಸುರಾದ ಮಗಳಿಗೆ ತವರಿನವರು ಹೊಸ ಖಣ ಕೊಟ್ಟು, ಸಿಹಿ ಮಾಡಿ ಉಣ್ಣಿಸುವುದಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಅದು ಅವ್ವನ ಹಕ್ಕು. ಅವಳ ದನಿ ನಡುಗಿದ್ದು ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ, ಫೋನಿನಲ್ಲಿ ಗೊತ್ತಾಗಲಿಲ್ಲ. ನಾನು ಮಾತ್ರ ಅತ್ತುಬಿಟ್ಟೆ.

“ಅಳಬ್ಯಾಡ. ಅಲ್ಲೇ ಇರು, ಟಿಕೀಟ ಗಿಕೀಟ ಏನೂ ಬ್ಯಾಡ” ಎಂದಳು ಅವ್ವ. ಮತ್ತೆ ಸೊಸೆಗೆ ಹೇಳುವ ಬಿಗಿಯಲ್ಲಿ ಸೇರಿಸಿದಳು: “ಆದ್ರ ಆಕಿಗೆ ಹೇಳು, ಅಡಿಕಿ ಒಳಗ ಹಾಕಬಾರದು. ಯಾಲಕ್ಕಿ ಹಾಕಬೇಕು.”